ಕಲ್ಲಿನ ಮೇಲಿನ ಕಾಕಾ

ಮಾನವಮಿ ಅಮಾವಾಸ್ಯೆ ಬರುತ್ತದೆಂದರೆ ನನಗೆ ಎಂಟು ದಿನ ಮೊದಲೇ ತಲೆ ಚಿಟ್ಟು ಹಿಡಿಯುತ್ತದೆ. ಹಿರಿಯರಿಗೆ ಎಡೆ ಇಡುವ ದಿನ ಅದು. ಸತ್ತವರ ಫೋಟೊಗಳನ್ನು ಒರೆಸಿ ಗೋಡೆಗೆ ಸಾಲಾಗಿ ನಿಲ್ಲಿಸಿ, ವಿಭೂತಿ ಹಚ್ಚಿ, ಮುಂದೆ ಹೊಸ ಧೋತರ, ಹೊಸ ಸೀರೆ ಇಟ್ಟು, ಹೋಳಿಗೆಯ ಎಡೆ ಮಾಡಿ ಕೈ ಮುಗಿದರೆ ಬೇರೆಯವರ ಮನೆಯಲ್ಲಿ ಕೆಲಸ ಮುಗಿಯಿತು. ನಮ್ಮ ಮನೆಯಲ್ಲಿ ಮುಗಿಯುವುದಿಲ್ಲ. ನಮ್ಮಲ್ಲಿ ಸೆಲ್ಯೂಟ್ ಇದೆ.

ಸೆಲ್ಯೂಟ್ ನಮ್ಮ ಕಾಕಾನಿಗೆ, ಅಂದರೆ ನನ್ನ ಅಪ್ಪನ ತಮ್ಮನಿಗೆ. ಆತ ಹದಿನೇಳು ವರ್ಷ ಮಿಲಿಟರಿಯಲ್ಲಿದ್ದು ಬಂದವನು. ಸೆಲ್ಯೂಟ್ ಹೊಡೆಸುವವರು ದೊಡ್ಡಪ್ಪ, ಅಪ್ಪನ ಅಣ್ಣ. ಲಿಂಗಸುಗೂರಿನ ತಹಶೀಲ್ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಜೀವಮಾನದಲ್ಲಿ ಒಂದು ದಿನ ಶಾಲೆಯ ಕವಾಯತಿಗೂ ನೆಟ್ಟಗೆ ನಿಂತವರಲ್ಲ. ಆದರೆ ಎಡೆ ಇಟ್ಟ ಮೇಲೆ ಅವರಿಗೆ ಅದೆಲ್ಲಿಂದಲೋ ಹುರುಪು ಬರುತ್ತದೆ. ಮನೆಮಂದಿಯನ್ನೆಲ್ಲ ಪಡಸಾಲೆಯಲ್ಲಿ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ “ಸಾವಧಾನ್” ಎನ್ನುತ್ತಾರೆ. ಒಲೆಯ ಮೇಲೆ ಹೋಳಿಗೆ ಬಿಟ್ಟು ಬಂದ ಹೆಂಗಸರು, ಕೈಗೆ ಮೆತ್ತಿದ ಹೂರಣ ತೊಳೆಯಲೂ ಪುರಸೊತ್ತಿಲ್ಲದೆ ಹಣೆಗೆ ಕೈ ಹಚ್ಚಬೇಕು. ನನ್ನ ಹಣೆಗೆ ಪ್ರತಿ ವರ್ಷ ಹೂರಣ ಹತ್ತುತ್ತದೆ. ಒಳಗೆ ಪ್ರತಿ ವರ್ಷ ಒಂದು ಹೋಳಿಗೆ ಕರ್ರಗೆ ಸೀಯುತ್ತದೆ.

ನಾನು ಸಿಂಧನೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಐವತ್ತರ ಹತ್ತಿರ ಬಂದಿದ್ದೇನೆ. ಗದ್ದಲದ ಕ್ಲಾಸನ್ನು ಬಾಗಿಲಲ್ಲಿ ನಿಂತೇ ಸುಮ್ಮನಾಗಿಸುವವಳು, ಲಿಂಗಸುಗೂರಿನ ದೊಡ್ಡಪ್ಪನ ಮನೆಯಲ್ಲಿ ಮಾತ್ರ ಬಾಯಿ ಮುಚ್ಚಿಕೊಂಡು ಸೆಲ್ಯೂಟ್ ಹೊಡೆಯುತ್ತೇನೆ. ದೊಡ್ಡಪ್ಪ ಎಲ್ಲರೆದುರು ತಿದ್ದುತ್ತಾರೆ: “ಕೈ ನೆಟ್ಟಗ ಹಿಡಿ ಯವ್ವಾ, ನೊಣಾ ಹೊಡದಂಗ ಮಾಡಬ್ಯಾಡ.”

ಇನ್ನು ಆ ಫೋಟೊ. ಅದರ ಕಥೆ ಹೇಳದಿದ್ದರೆ ನನ್ನ ಸಂಕಟ ಯಾರಿಗೂ ತಿಳಿಯುವುದಿಲ್ಲ. ಕಾಕಾ ತೀರಿಕೊಂಡಾಗ ಆತ ಮಿಲಿಟರಿ ಡ್ರೆಸ್ಸಿನಲ್ಲಿದ್ದ ಒಂದು ಫೋಟೊವೂ ನಮಗೆ ಸಿಗಲಿಲ್ಲ. ಗುರುತಿನ ಚೀಟಿಗೆ ತೆಗೆಸಿದ್ದ ಚಿಕ್ಕ ಫೋಟೊ ಒಂದಿತ್ತು. ಅದನ್ನು ಸಿಂಧನೂರಿನ ಸ್ಟುಡಿಯೋಕ್ಕೆ ಒಯ್ದು ಕೊಟ್ಟವಳು ನಾನೇ. ದೊಡ್ಡದು ಮಾಡಿ ಕೊಡಿ ಎಂದಷ್ಟೇ ಹೇಳಿದ್ದೆ. ದೊಡ್ಡಪ್ಪ ನನ್ನ ಬೆನ್ನ ಹಿಂದೆ ಸ್ಟುಡಿಯೋದವನಿಗೆ ಫೋನ್ ಮಾಡಿ “ಛಲೋ ಡ್ರೆಸ್ ಹಾಕ್ರಿ” ಎಂದಿದ್ದರು. ಅವನ ಕಂಪ್ಯೂಟರಿನಲ್ಲಿ ಡ್ರೆಸ್ಸುಗಳು ಸಿದ್ಧ ಇರುತ್ತವಂತೆ, ಮದುಮಗನದು, ವಕೀಲರದು, ಪೊಲೀಸರದು. ಅದರಲ್ಲೇ ಎಲ್ಲಕ್ಕಿಂತ ಭಾರಿಯಾದದ್ದನ್ನು ಆರಿಸಿ ಕಾಕಾನ ಮುಖ ಕೂಡಿಸಿಬಿಟ್ಟ. ಎದೆಯ ಮೇಲೆ ಎರಡು ಸಾಲು ಪದಕ, ಭುಜದ ಮೇಲೆ ನಕ್ಷತ್ರ, ಸಾಲದ್ದಕ್ಕೆ ಸೊಂಟಕ್ಕೆ ಒಂದು ಕತ್ತಿ. ನಮ್ಮ ಎಣ್ಣೆಗಪ್ಪಿನ ಕಾಕಾ ಫೋಟೊದಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿದ್ದಾನೆ.

ಕಾಕಾನ ಹೆಂಡತಿಗೆ, ಅಂದರೆ ನಮ್ಮ ಕಾಕಿಗೆ, ಮೊದಲ ಅಮಾವಾಸ್ಯೆಯ ದಿನ ಆ ಫೋಟೊ ತೋರಿಸಿದೆವು. ಆಕೆ ಬಹಳ ಹೊತ್ತು ನೋಡಿದಳು. “ಮಾರಿ ನಮ್ಮವರದs ಐತಿ,” ಎಂದಳು. “ಮೈ ಯಾರದೋ ಏನೋ. ನಾ ಇದಕ್ಕ ವಿಭೂತಿ ಹಚ್ಚೂದಿಲ್ಲ.” ಅವತ್ತಿನಿಂದ ಆಕೆ ಪ್ರತಿ ವರ್ಷ ಮಸ್ಕಿಯಿಂದ ಬಸ್ಸಿಗೆ ಬರುತ್ತಾಳೆ, ಅಡುಗೆಗೆ ಕೈ ಜೋಡಿಸುತ್ತಾಳೆ, ಸೆಲ್ಯೂಟಿನ ಹೊತ್ತಿಗೆ ಸರಿಯಾಗಿ ಹಿತ್ತಲಿಗೆ ಹೋಗಿ ಪಾತ್ರೆ ತಿಕ್ಕುತ್ತ ಕೂಡುತ್ತಾಳೆ. ದೊಡ್ಡಪ್ಪನಿಗೆ ಅದು ದುಃಖವೆಂದು ಕಾಣುತ್ತದೆ. “ಪಾಪ, ತಡಕೊಳ್ಳಾಕ ಆಗಂಗಿಲ್ಲ ಅಕಿಗೆ” ಎಂದು ಎಲ್ಲರಿಗೂ ಹೇಳುತ್ತಾರೆ.

ಸೆಲ್ಯೂಟ್ ಆದ ಮೇಲೆ ದೊಡ್ಡಪ್ಪನ ಭಾಷಣ. ಅದು ವರ್ಷದಿಂದ ವರ್ಷಕ್ಕೆ ಬೆಳೆಯುತ್ತ ಬಂದಿದೆ. ಮೊದಲ ವರ್ಷ ಕಾಕಾ ಗಡಿ ಕಾಯ್ದ. ಎರಡನೆಯ ವರ್ಷ ಕಾಲಿಗೆ ಗುಂಡು ಹತ್ತಿತು. ಮೂರನೆಯ ವರ್ಷ ಅದೇ ಗುಂಡು ಹತ್ತಿದ ಕಾಲಿನಲ್ಲಿ ಶತ್ರುಗಳನ್ನು ಬೆನ್ನಟ್ಟಿ ಹೋದ. ತಹಶೀಲ್ ಕಚೇರಿಯಲ್ಲಿ ಒಂದು ಝೆರಾಕ್ಸ್ ಕಡಿಮೆಯಾದರೆ ಹಳ್ಳಿಯಿಂದ ಬಿಸಿಲಲ್ಲಿ ಬಂದ ರೈತನನ್ನು ನಾಳೆ ಬಾ ಎಂದು ಕಳಿಸುತ್ತಿದ್ದ ಮನುಷ್ಯ ಇವರೇ. ತಮ್ಮನ ವಿಷಯಕ್ಕೆ ಬಂದರೆ ಯಾವ ದಾಖಲೆಯೂ ಬೇಡ. ಫ್ಯಾಮಿಲಿ ಗ್ರೂಪಿನಲ್ಲಿ ಆ ಗುಲಾಬಿ ಫೋಟೊಕ್ಕೆ ಹಾರಾಡುವ ಧ್ವಜ ಅಂಟಿಸಿ ತಿಂಗಳಿಗೆರಡು ಬಾರಿ ಕಳಿಸುತ್ತಾರೆ. ಎರಡು ಗಂಟೆಯೊಳಗೆ ನಾನು ಕೈ ಮುಗಿಯುವ ಚಿತ್ರ ಒತ್ತದಿದ್ದರೆ ಫೋನ್ ಬರುತ್ತದೆ.

ನಿಜ ಏನೆಂದರೆ, ನಮ್ಮ ಕಾಕಾ ಮಿಲಿಟರಿಯಲ್ಲಿ ಅಡುಗೆ ಮಾಡುತ್ತಿದ್ದ. ಜವಾನರಿಗೆ ಚಪಾತಿ, ದಾಲು, ಅನ್ನ, ಮತ್ತು ವಾರದಲ್ಲಿ ಇಂತಿಷ್ಟು ದಿನ ಮಾಂಸ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ, ಯಾರೂ ಬಾಯಿ ಬಿಡದ ವಿಷಯ. ನಮ್ಮದು ಲಿಂಗ ಕಟ್ಟಿಕೊಂಡ ಮನೆತನ. ಮಠದ ಅಯ್ಯನವರು ಬಂದು ಪಾದ ತೊಳೆಸಿಕೊಳ್ಳುವ ಮನೆ. ಅಂಥ ಮನೆಯ ಮಗ ಕೊಯ್ದ ಕುರಿಯ ಮಾಂಸ ಬೇಯಿಸಿದ ಎಂಬುದು ಅಜ್ಜ ಅಜ್ಜಿಗೆ ಗಂಟಲಲ್ಲಿ ಇಳಿಯಲಿಲ್ಲ. ಅವರು ಹೋದ ಮೇಲೆ ದೊಡ್ಡಪ್ಪನಿಗೂ ಇಳಿಯಲಿಲ್ಲ.

ಕಾಕಾ ನಿವೃತ್ತನಾಗಿ ಬಂದು ಹೆಂಡತಿಯ ತವರೂರು ಮಸ್ಕಿಯಲ್ಲಿ ಎರಡು ಕೋಣೆಯ ಮನೆ ಮಾಡಿದ. ದೊಡ್ಡಪ್ಪ ಹಬ್ಬಕ್ಕೆ ಹುಣ್ಣಿಮೆಗೆ ತಪ್ಪದೆ ಹೋಗುತ್ತಿದ್ದರು. ಆದರೆ ಆ ಮನೆಯಲ್ಲಿ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಕಾಕಾ ತಾಮ್ರದ ಚೊಂಬಿನಲ್ಲಿ ನೀರು ತಂದಿಟ್ಟರೆ “ಈಗಷ್ಟs ಕುಡದು ಬಂದೀನಿ” ಎನ್ನುವರು. ಊಟಕ್ಕೆ ಏಳಿ ಎಂದರೆ ಹೊಟ್ಟೆ ಸರಿಯಿಲ್ಲ ಎನ್ನುವರು. ಅಣ್ಣ ಎದ್ದು ಹೋದ ಮೇಲೆ ಕಾಕಾ ಆ ನೀರನ್ನು ಬಾಗಿಲ ಮುಂದಿನ ದಾಸವಾಳದ ಗಿಡಕ್ಕೆ ಹಾಕುತ್ತಿದ್ದ, ಏನೂ ಅನ್ನುತ್ತಿರಲಿಲ್ಲ. ಇದನ್ನು ನಾನು ಕಣ್ಣಾರೆ ಕಂಡವಳು.

ನನಗೆ ಕಾಕಾನ ಅಡುಗೆ ಅಂದರೆ ಜೀವ. ರಜೆಯಲ್ಲಿ ಹೋದರೆ ವಾರಗಟ್ಟಲೆ ಅಲ್ಲೇ ಇರುತ್ತಿದ್ದೆ. ಆತನಿಗೆ ಇಬ್ಬರು ಮೂವರಿಗೆ ಅಡುಗೆ ಮಾಡಲು ಬರುತ್ತಲೇ ಇರಲಿಲ್ಲ. ಕೈ ತಾನಾಗಿ ದೊಡ್ಡ ಪಾತ್ರೆಯ ಕಡೆಗೇ ಹೋಗುತ್ತಿತ್ತು. ಮೂರು ಜನಕ್ಕೆ ಬೇಳೆ ಹಾಕು ಎಂದರೆ ಮೂವತ್ತು ಜನಕ್ಕೆ ಹಾಕುತ್ತಿದ್ದ. ಕಾಕಿ ಬೈದುಕೊಳ್ಳುತ್ತಲೇ ಡಬ್ಬಿ ತುಂಬಿ ಓಣಿಯ ಮನೆಮನೆಗೆ ಕೊಟ್ಟು ಬರುತ್ತಿದ್ದಳು. “ಇವರ ಸಂಬಂಧ ಈ ಓಣ್ಯಾಗ ಯಾರೂ ಬ್ಯಾಳಿ ಕುದಸೂದs ಬಿಟ್ಟಾರ” ಎನ್ನುತ್ತಿದ್ದಳು. ಹಾಗಿದ್ದ ಕಾಕಾ ಒಂದು ಮುಂಜಾನೆ ಚಹಾ ಕುಡಿದು, ಲೋಟ ಕೆಳಗಿಟ್ಟು, ಗೋಡೆಗೆ ಒರಗಿದವನು ಹಾಗೆಯೇ ಹೋಗಿಬಿಟ್ಟ. ಗುಂಡಿಲ್ಲ, ಶತ್ರುವಿಲ್ಲ.

ಆತ ಹೋದ ಮೇಲೆ ದೊಡ್ಡಪ್ಪನಿಗೆ ತಮ್ಮ ವೀರಯೋಧನಾದ. ಇದನ್ನೆಲ್ಲ ನಾನು ಇಷ್ಟು ವರ್ಷ ಹಲ್ಲು ಕಚ್ಚಿಕೊಂಡು ಸಹಿಸಿದೆ. ವರ್ಷಕ್ಕೊಂದು ದಿನದ ಹಾಡು, ಹೋಗಲಿ ಬಿಡು ಎಂದುಕೊಂಡೆ. ಹೋದ ವರ್ಷ ಮಾತ್ರ ವಿಷಯ ಕಲ್ಲಿಗೆ ಬಂತು.

ಬಳಗಾನೂರಿನ ಆಚೆ, ಕಾಲುವೆಯ ಪಕ್ಕ ನಮ್ಮ ಮೂಲ ಊರು ಇದೆ. ಅಲ್ಲಿ ಬಸ್ಸು ನಿಲ್ಲುವ ಜಾಗದಲ್ಲಿ ಕಟ್ಟೆ ಕಟ್ಟಿಸಿ, ಕಾಕಾನ ಹೆಸರಿನಲ್ಲಿ ಕರಿಕಲ್ಲು ನಿಲ್ಲಿಸಬೇಕೆಂದು ದೊಡ್ಡಪ್ಪ ಊರ ಹಿರಿಯರನ್ನೆಲ್ಲ ಒಪ್ಪಿಸಿದರು. ಆಮೇಲೆ ನನಗೆ ಫೋನ್ ಬಂತು. “ಏ ಕೂಸ, ಕಲ್ಲಿನ ಮ್ಯಾಲಿನ ಮಾತು ನೀನ ಬರೀಬೇಕ ನೋಡು. ನಮ್ಮ ಮನ್ಯಾಗ ಕನ್ನಡ ನಿಂದs ಛಲೋ ಐತಿ. ಐದಾರು ಸಾಲು ಸಾಕು. ಓದಿದಾವರ ಮೈ ಝುಂ ಅನಬೇಕು.”

ನನಗೆ ಝುಂ ಅಂದದ್ದು ತಲೆ. ಆದರೆ ಒಂದು ಯೋಚನೆಯೂ ಬಂತು. ವರ್ಷಕ್ಕೊಮ್ಮೆ ಆಡುವ ಮಾತು ಗಾಳಿಗೆ ಹೋಗುತ್ತದೆ, ಕಲ್ಲಿನ ಮೇಲೆ ಬರೆದದ್ದು ನಾವು ಸತ್ತ ಮೇಲೂ ಇರುತ್ತದೆ. ಒಂದು ಮಾತನ್ನಾದರೂ ಖರೇ ಬರೆಸಲು ಇದೇ ಅವಕಾಶ. ಕಾಕಿಯನ್ನು ಕೇಳಿಕೊಂಡು ಬರೋಣವೆಂದು ಭಾನುವಾರ ಮಸ್ಕಿಗೆ ಹೋದೆ.

ಕಾಕಿ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ವಿಷಯ ಹೇಳಿದೆ. ಕೈ ನಿಂತಿತು. ಈ ಮನೆತನಕ್ಕೆ ಸೊಸೆಯಾಗಿ ಬಂದ ಮೇಲೆ ಯಾರಾದರೂ ಆಕೆಯನ್ನು ಒಂದು ಮಾತು ಕೇಳಿದ್ದು ಅದೇ ಮೊದಲು ಇರಬೇಕು.

“ಬರಕೋ,” ಎಂದಳು. “ಮಿಲಿಟರ್ಯಾಗ ಅಡಿಗಿ ಮಾಡ್ತಿದ್ರು. ಹೊತ್ತಿಗೆ ಸರಿಯಾಗಿ ಊಟ ಕೊಟ್ರು. ಮುಗೀತು.”

“ಇಷ್ಟs ಏನು ಕಾಕಿ?”

“ಇನ್ನೇನು ಬೇಕು? ಅದs ಕೆಲಸ ಮಾಡ್ಯಾರ, ಅದನ್ನs ಬರಿ.”

ಆಮೇಲೆ ತಾನಾಗಿಯೇ ಮಾತು ತೆಗೆದಳು. “ನಿಮ್ಮ ದೊಡ್ಡಪ್ಪ ಗುಂಡು ಹತ್ತಿತ್ತು ಗುಂಡು ಹತ್ತಿತ್ತು ಅಂತಾನಲ್ಲ, ನಿಮ್ಮ ಕಾಕಾಗ ಎಡಗಾಲಿಂದು ಎರಡು ಬೆರಳು ಇದ್ದಿಲ್ಲ, ನೋಡಿದ್ದೇನು ನೀ?”

ನೋಡಿರಲಿಲ್ಲ. ಆತ ಯಾವಾಗಲೂ ಕಾಲುಚೀಲ ಹಾಕಿಕೊಂಡಿರುತ್ತಿದ್ದ. ಮಿಲಿಟರಿ ರೂಢಿ ಎಂದುಕೊಂಡಿದ್ದೆ.

“ಮ್ಯಾಲೆ ಗುಡ್ಡದಾಗ ಒಂದು ಚೌಕಿ ಇತ್ತಂತ. ಹನ್ನೊಂದು ಮಂದಿ ಕಾಯಾಕ ಇದ್ರು. ಬರ್ಫ ಬಿದ್ದು ಎರಡು ದಿನ ದಾರಿ ಬಂದಾತು. ಊಟ ಒಯ್ಯೂ ಹುಡುಗರು ಹತ್ತೂದಿಲ್ಲ ಅಂದ್ರು. ಇವರು ತಾವs ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಹತ್ತ್ಯಾರ. ಅಡಿಗಿಯಾಂವ ಊಟ ಒಯ್ಯಬೇಕು ಅಂತ ಯಾರೂ ಹೇಳಿದ್ದಿಲ್ಲ. ಮುಟ್ಟಿಸಿ ಇಳದು ಬರೂದ್ರಾಗ ಥಂಡಿಗೆ ಬೆರಳು ಕರ್ರಗಾಗಿದ್ವು, ದವಾಖಾನ್ಯಾಗ ಕತ್ತರಿಸಿದ್ರು. ನಾ ಬೈದೆ. ಯಾಕ ಹೋಗಬೇಕಿತ್ತು ಅಂತ. ಏನಂದ್ರು ಗೊತ್ತೇನು? ದಾಲು ಛಲೋ ಆಗಿತ್ತಲೇ, ಬಿಸಿ ಇದ್ದಾಗs ಉಣಬೇಕಿತ್ತು ಅಂದ್ರು.”

ಆಕೆ ನಕ್ಕಳು. ಮತ್ತೆ ಮೊರಕ್ಕೆ ಕೈ ಹಾಕಿದಳು. “ಇದನ್ನೆಲ್ಲ ಬರೀಬ್ಯಾಡ. ಅಡಿಗಿ ಮಾಡ್ತಿದ್ರು ಅಂತ ಅಷ್ಟs ಬರಿ. ನಿಮ್ಮ ಮನಿಯಾವರು ಅದೊಂದs ಮಾತಿಗೆ ಇಡೀ ಜನ್ಮ ಅವರ ಕೈಯಾಗ ಉಂಡಿಲ್ಲ. ಅದs ಮಾತು ಕಲ್ಲಿನ ಮ್ಯಾಲೆ ಇರಲಿ. ನನಗ ಇನ್ನೇನೂ ಬ್ಯಾಡ ತಂಗಿ.”

ನಾನು ಚೀಟಿಯಲ್ಲಿ ಆಕೆ ಹೇಳಿದ ಹಾಗೆ ಬರೆದುಕೊಂಡೆ. ಅಲ್ಲಿಂದಲೇ ಬಸ್ಸು ಹಿಡಿದು ಸೀದಾ ಲಿಂಗಸುಗೂರಿಗೆ ಹೋದೆ. ದಾರಿಯುದ್ದಕ್ಕೂ ದೊಡ್ಡಪ್ಪನ ಜೊತೆ ಮನಸ್ಸಿನಲ್ಲೇ ಜಗಳವಾಡಿದೆ, ಎಲ್ಲ ಜಗಳದಲ್ಲೂ ನಾನೇ ಗೆದ್ದೆ.

ದೊಡ್ಡಪ್ಪ ಚೀಟಿ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದರು. “ಏನಿದು? ಖಾನಾವಳಿ ಬೋರ್ಡೇನು?”

“ಕಾಕಿ ಹೇಳ್ಯಾಳರೀ ದೊಡ್ಡಪ್ಪಾರ. ಅಕಿ ಗಂಡನ ಕಲ್ಲು. ಖರೇನೂ ಇದs ಐತಿ.”

“ಖರೇ ಯಾರಿಗೆ ಬೇಕವ್ವಾ? ಅಯ್ಯನವರು ಬರಾವ್ರು ಇದ್ದಾರ. ಅವರ ಕೈಲೆ ಪರದೆ ಸರಸೂದು.”

ನಾನು ಬಿಡಲಿಲ್ಲ. ಫೋಟೊದಿಂದ ಹಿಡಿದು ಸೆಲ್ಯೂಟಿನವರೆಗೆ ಇಷ್ಟು ವರ್ಷ ನುಂಗಿಕೊಂಡದ್ದನ್ನೆಲ್ಲ ಒಂದೇ ಉಸಿರಿಗೆ ಅಂದೆ. ಅಂದು ಸಾಕಾಗಿ ಕುರ್ಚಿಯಲ್ಲಿ ಕೂತೆ. ಅವರು ಸಿಟ್ಟಿಗೇಳುತ್ತಾರೆ, ನಾನೂ ಸಿಟ್ಟಿನಲ್ಲಿ ಎದ್ದು ಹೋಗಬಹುದು ಎಂದುಕೊಂಡಿದ್ದೆ. ಅವರು ಸಿಟ್ಟಾಗಲಿಲ್ಲ. ಚೀಟಿಯನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

“ಅಂವ ಅಡಿಗಿಯಾಂವ ಅಂತ ಕಲ್ಲಿನ ಮ್ಯಾಲೆ ಬರದ್ರ,” ಎಂದರು ಕೊನೆಗೆ, “ಮತ್ತ ನೀ ಯಾಕ ಒಂದಿನಾ ಅವನ ಕೈಯಾಗ ಉಣಲಿಲ್ಲೋ ಅಂತ ಊರ ಮಂದಿ ನನ್ನ ಕೇಳ್ತಾರ. ಏನ್ ಹೇಳಲಿ ನಾ?”

ಮಡಚಿದ ಚೀಟಿಯನ್ನು ನನ್ನ ಕೈಗೆ ತುರುಕಿದರು. ಎಂಬತ್ತರ ಮುದುಕ. ಇಷ್ಟು ವರ್ಷ ಇವರು ಸೆಲ್ಯೂಟ್ ಹೊಡೆಸಿದ್ದು ಯಾಕೆಂದು ನನಗೆ ಆಗ ತಿಳಿಯಿತು. ಹಾಳಾದ್ದು, ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಅದು ಇಳಿಯಬಾರದಿತ್ತು. ಅವರೆದುರಿಗೇ ಕೂತು, ಅದೇ ಚೀಟಿಯ ಹಿಂಬದಿಗೆ, ನನ್ನ ಛಲೋ ಕನ್ನಡದಲ್ಲಿ ಐದು ಸಾಲು ಬರೆದುಕೊಟ್ಟೆ. ತಾಯ್ನಾಡಿನ ಗಡಿಯಲ್ಲಿ ಶತ್ರುವಿನ ಗುಂಡಿಗೆ ಎದೆಗೊಟ್ಟ ವೀರಯೋಧ, ಈ ಮಣ್ಣಿನ ಹೆಮ್ಮೆಯ ಪುತ್ರ, ಇತ್ಯಾದಿ. ಮಕ್ಕಳ ಪ್ರಬಂಧದಲ್ಲಿ ಇಂಥ ಸಾಲು ಕಂಡರೆ ಕೆಂಪು ಗೀಟು ಹಾಕುವವಳು ನಾನು. ಕಾಕಿಗೆ ಆಮೇಲೆ ಫೋನ್ ಮಾಡಿ ಹೇಳಿದರಾಯಿತು ಎಂದುಕೊಂಡೆ. ಪರೀಕ್ಷೆ ಪೇಪರು ಇದ್ದವು, ಇನ್ನೊಂದು ಇತ್ತು, ಮತ್ತೊಂದು ಇತ್ತು. ಹೇಳಲಿಲ್ಲ.

ದಸರೆ ಕಳೆದ ಮೇಲೆ ಒಂದು ಸೋಮವಾರ ಕಾರ್ಯಕ್ರಮ ಆಯಿತು. ಶಾಮಿಯಾನ, ಮೈಕು, ಮುಕ್ಕುಂದದ ಬೀಗರು, ಬಳಗಾನೂರಿನ ಅಂಗಡಿಕಾರರು. ಅಯ್ಯನವರು ಪರದೆ ಸರಿಸಿದರು. ದೊಡ್ಡಪ್ಪ ಮೈಕಿನಲ್ಲಿ ಐದು ಸಾಲನ್ನೂ ಓದುವವರಿದ್ದರು, ನಮ್ಮ ಅದೃಷ್ಟಕ್ಕೆ ಮೈಕು ಕೆಟ್ಟಿತು. ಕೆಟ್ಟ ಮೈಕಿನಲ್ಲೇ ಇಡೀ ಊರನ್ನು ಸಾವಧಾನಕ್ಕೆ ನಿಲ್ಲಿಸಿ ಸೆಲ್ಯೂಟ್ ಹೊಡೆಸಿದರು. ನಾನೂ ಹೊಡೆದೆ. ಕಾಕಿ ಹೆಂಗಸರ ಗುಂಪಿನಲ್ಲಿ ಸೆರಗು ಹೊದ್ದು, ಕೈ ಎತ್ತದೆ ನಿಂತಿದ್ದಳು.

ಮಂದಿ ಊಟಕ್ಕೆ ಸರಿದರು. ಕಾಕಿ ಕಟ್ಟೆಯ ಹತ್ತಿರವೇ ಉಳಿದಳು, ನನ್ನನ್ನು ಕೈ ಸನ್ನೆ ಮಾಡಿ ಕರೆದಳು. ಸಹಿ ಮಾಡಲು ಬರುತ್ತದೆ ಆಕೆಗೆ, ಓದಲು ಬರುವುದಿಲ್ಲ.

“ಓದು ತಂಗಿ. ಏನೇನು ಬರಸ್ಯಾರ ಕೇಳೂಣು.”

ನಾನು ಸುತ್ತ ನೋಡಿದೆ. ಹತ್ತಿರ ಯಾರೂ ಇರಲಿಲ್ಲ. ಕಲ್ಲಿನ ಮೇಲೆ ಹೊಂಬಣ್ಣ ತುಂಬಿದ ನನ್ನ ಐದು ಸಾಲುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಮೊದಲ ಸಾಲಿನ ಮೇಲೆ ಬೆರಳಿಟ್ಟು, ಕ್ಲಾಸಿನಲ್ಲಿ ಪಾಠ ಓದುವ ದನಿಯಲ್ಲಿ, ಒಂದೊಂದೇ ಪದ ಬಿಡಿಸಿ ಓದಿದೆ: “ಇವರು ಸೈನ್ಯದಲ್ಲಿ ಅಡುಗೆ ಮಾಡುತ್ತಿದ್ದರು. ಹೊತ್ತಿಗೆ ಸರಿಯಾಗಿ ಊಟ ಕೊಟ್ಟರು.” ಸಾಲು ಐದಿದ್ದವಲ್ಲ, ಉಳಿದದ್ದಕ್ಕೆ ಚೌಕಿ, ಬರ್ಫು, ಹನ್ನೊಂದು ಜನ ಎಂದು ಸೇರಿಸಿದೆ. ಬೆರಳು ಸಾಲಿನ ಕೊನೆಗೆ ಹೋಗಿ ಮುಂದಿನ ಸಾಲಿಗೆ ಬರುವಂತೆ ಜಾಗ್ರತೆಯಾಗಿ ಓದಿದೆ. ಇಷ್ಟು ಚೆನ್ನಾಗಿ ನಾನು ಯಾವತ್ತೂ ಓದಿರಲಿಕ್ಕಿಲ್ಲ.

ಕಾಕಿ ಪೂರ್ತಿ ಕೇಳಿದಳು. ಗೋಣು ಹಾಕಿದಳು.

“ಛಲೋ ಓದಿದಿ,” ಎಂದಳು. “ಮುಂಜಾನಿ ನಾ ಲಗೂನ ಬಂದಿದ್ದೆ. ಕಲ್ಲು ಕೂಡಸಾಕ ಬಂದಾಂವ ಇಲ್ಲೇ ಕುಂತಿದ್ದ, ಚಾ ತಂದುಕೊಟ್ಟೆ. ಅಂವಗೂ ಓದಂದೆ. ಅಂವ ಬ್ಯಾರೆ ಓದಿದ.”

ನನ್ನ ಬೆರಳು ಇನ್ನೂ ಕಲ್ಲಿನ ಮೇಲೇ ಇತ್ತು.

“ಭಾರಿ ಬರದಾರ ನಿಮ್ಮ ಟೀಚರು, ಅಂತಂದ.” ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. “ನಿಮ್ಮ ದೊಡ್ಡಪ್ಪಂದು ಗೊತ್ತಿದ್ದದ್ದs. ನೀ ನಮ್ಮ ಕಡಿ ಅಂತ ತಿಳಕೊಂಡಿದ್ದೆ ನಾ.”

ದೊಡ್ಡಪ್ಪ, ಮಡಚಿದ ಚೀಟಿ, ಎಂಬತ್ತು ವರ್ಷ, ಎಲ್ಲ ನಾಲಿಗೆಯ ತುದಿಗೆ ಬಂದವು. ಯಾವುದೂ ಆಕೆಗೆ ಹೇಳುವಂಥದ್ದಾಗಿರಲಿಲ್ಲ. ಆಕೆ ಸೆರಗು ಸರಿಮಾಡಿಕೊಂಡು ಶಾಮಿಯಾನದ ಕಡೆ ನಡೆದಳು. ಹೆಂಗಸರ ಪಂಕ್ತಿಯ ಕೊನೆಗೆ ಹೋಗಿ ಕೂತಳು. ಯಾವ ಊಟದಲ್ಲೂ ಪಕ್ಕಕ್ಕೆ ಜಾಗ ಹಿಡಿದು ನನ್ನನ್ನು ಕರೆಯುತ್ತಿದ್ದವಳು, ಅವತ್ತು ಕರೆಯಲಿಲ್ಲ.

ಅಷ್ಟರಲ್ಲಿ ದೊಡ್ಡಪ್ಪ ನನ್ನನ್ನು ಹುಡುಕಿಕೊಂಡು ಬಂದರು. ತೋಳು ಹಿಡಿದು ಪಂಕ್ತಿಯ ನಡುವೆ ಕರೆದೊಯ್ದು ನಿಲ್ಲಿಸಿ, ಉಣ್ಣುತ್ತಿದ್ದ ಮಂದಿಗೆಲ್ಲ ಕೇಳುವ ಹಾಗೆ ಹೇಳಿದರು: “ಕಲ್ಲಿನ ಮ್ಯಾಲಿಂದು ಓದಿದ್ರಲ್ಲ, ನಮ್ಮ ಕೂಸs ಬರದದ್ದು.” ಮಂದಿ ತಲೆ ಎತ್ತಿ ನನ್ನನ್ನು ನೋಡಿ ನಕ್ಕರು. ಕಾಕಿ ಎಲೆಯಿಂದ ತಲೆ ಎತ್ತಲಿಲ್ಲ.